ಎಚ್ಚರ: ಹಾಸಿಗೆಯಿಂದ ಮಾತ್ರೆ ಶೀಟಿನವರೆಗೆ

ನಿದ್ದೆಯಿಂದ ಎಚ್ಚರ ಆಗುತ್ತದೆ, ಮೂರ್ಛೆಯಿಂದ ಎಚ್ಚರ ಬರುತ್ತದೆ, ಹಾದಿಯಲ್ಲಿ ಎಚ್ಚರ ಇರಬೇಕಾಗುತ್ತದೆ, ಇಲ್ಲದವರಿಗೆ ಎಚ್ಚರಿಕೆ ಕೊಡಬೇಕಾಗುತ್ತದೆ. ಆಗು, ಬರು, ಇರು, ಕೊಡು ಎಂಬ ನಾಲ್ಕು ಬಡ ಕ್ರಿಯಾಪದಗಳನ್ನು ಒಂದೇ ನಾಮಪದದ ಬೆನ್ನಿಗೆ ಹಚ್ಚಿ ನಾಲ್ಕು ಬೇರೆ ಬೇರೆ ಲೋಕಗಳನ್ನು ಮಾಡಿಕೊಂಡ ನಮ್ಮ ಹಿರಿಯರ ಮಿತವ್ಯಯವನ್ನು ಪದಪ್ರಿಯರಾದ ನಾವು ಮೆಚ್ಚದೆ ಇರಲಾರೆವು. ಬೆಳಗ್ಗೆ ಮಗುವಿಗೆ ಆದದ್ದು, ಆಪರೇಷನ್ ಮುಗಿದ ಮೇಲೆ ಅಜ್ಜನಿಗೆ ಬಂದದ್ದು, ಕೆಸರುಗದ್ದೆಯ ಬದುವಿನ ಮೇಲೆ ನಡೆಯುವವಳಿಗೆ ಇದ್ದದ್ದು, ಹವಾಮಾನ ಇಲಾಖೆ ಕರಾವಳಿಗೆ ಕೊಟ್ಟದ್ದು, ಎಲ್ಲವೂ ಒಂದೇ ಎಚ್ಚರ. ಈಚಿನ ನೂರೈವತ್ತು ಚಿಲ್ಲರೆ ವರ್ಷಗಳಲ್ಲಿ ಈ ಪದಕ್ಕೆ, ಅಥವಾ ಪರಭಾಷೆಗಳಲ್ಲಿರುವ ಇದರ ಸಮಾನಾರ್ಥಕಗಳಿಗೆ, ಇನ್ನೊಂದು ಕೆಲಸ ಬಿದ್ದಿದೆ: ನಾವು ನುಂಗುವ ಔಷಧದ ಮೇಲೆ ಒಂದು ದೇಶ ಇಡುವ ಎಚ್ಚರ. ಆ ಕಡೆಯ ಮನೆಗೆ ಹೋಗುವ ಮೊದಲು ಪದದ ಹುಟ್ಟೂರನ್ನು ನೋಡಿಕೊಂಡು ಬರೋಣ.

ಹಳಗನ್ನಡದಲ್ಲಿ ಇದು ಎೞ್ಚಱ್. ಮೊದಲ ತುಂಡಿನಲ್ಲಿ ನಮಗೆ ಚಿರಪರಿಚಿತವಾದ 'ಏಳು' ಕೂತಿದೆ, ಈಗಿನ ಸಾದಾ ಳಕಾರದಿಂದಲ್ಲ, ವೈಯಾಕರಣ ಕೇಶಿರಾಜ ರಳವೆಂದು ಬೇರ್ಪಡಿಸಿ ಹೇಳಿದ, ಈಗ ನಮ್ಮ ನಾಲಗೆಯಿಂದಲೂ ಅಕ್ಷರಮಾಲೆಯಿಂದಲೂ ಜಾರಿಹೋದ ೞಕಾರದಿಂದ. ಈ ೞಕಾರ ಮತ್ತೊಂದು ವ್ಯಂಜನದ ಪಕ್ಕಕ್ಕೆ ಬಂದಾಗ ಹೆಚ್ಚು ದಿನ ಬದುಕುವುದಿಲ್ಲ: ಕೞ್ತೆ ಕತ್ತೆಯಾಯಿತು, ಗೞ್ದೆ ಗದ್ದೆಯಾಯಿತು, ಎೞ್ದು ಎದ್ದು ಆಯಿತು, ಅದೇ ಜಾಡಿನಲ್ಲಿ ಎೞ್ಚಱ್ ಎಚ್ಚರ್ ಆಗಿ, ಕೊನೆಗೊಂದು ಸ್ವರವನ್ನು ಕೂಡಿಸಿಕೊಂಡು ಎಚ್ಚರವಾಯಿತು. ಎರಡನೆಯ ತುಂಡಿನ ಕೊನೆಯಲ್ಲಿದ್ದ ಱಕಾರ, ಎಂದರೆ ಶಕಟರೇಫೆಯೂ ಅಳಿಯಿತು, ಆದರೆ ತಾನು ಅಲ್ಲಿದ್ದೆನೆಂಬುದಕ್ಕೆ ಒಂದು ಸಾಕ್ಷಿ ಬಿಟ್ಟು ಹೋಯಿತು. ಸಾಮಾನ್ಯ ರೇಫೆಯ ಬರು, ತರುಗಳು ಭೂತಕಾಲದಲ್ಲಿ ಬಂದು, ತಂದು ಎಂದಾಗುತ್ತವೆ, ಶಕಟರೇಫೆಯ ಹೆರು, ಹೊರು, ತೆರುಗಳು ಹೆತ್ತು, ಹೊತ್ತು, ತೆತ್ತು ಎಂದಾಗುತ್ತವೆ. ನಾವು 'ಎಚ್ಚತ್ತು' ಎನ್ನುತ್ತೇವೆ, ಕೆಲವರು 'ಎಚ್ಚೆತ್ತು' ಎನ್ನುತ್ತಾರೆ. 'ಸರ್ಕಾರ ಈಗಲಾದರೂ ಎಚ್ಚೆತ್ತುಕೊಳ್ಳಲಿ' ಎಂದು ದಿನಪತ್ರಿಕೆಯ ಸಂಪಾದಕೀಯ ಗದರುವಾಗೆಲ್ಲ ಆ ಜೋಡಿ ತಕಾರದೊಳಗೆ ಕಳೆದುಹೋದ ಒಂದು ಅಕ್ಷರ ಮಿಸುಕಾಡುತ್ತಿರುತ್ತದೆ.

ಹೀಗೆ ಕನ್ನಡದ ಎಚ್ಚರದ ಬುಡದಲ್ಲಿರುವುದು ಮೇಲೇಳುವ ಕ್ರಿಯೆ, ಮೈಯ ಕ್ರಿಯೆ. ಅಲ್ಲಿಂದ ಅದು ಕಣ್ಣಿಗೆ, ಕಣ್ಣಿನಿಂದ ಬುದ್ಧಿಗೆ, ಬುದ್ಧಿಯಿಂದ ಬಾಯಿಗೆ ಸರಿಯಿತು. ಎಚ್ಚರ ತಪ್ಪುವುದು, ಎಚ್ಚರಗೇಡಿಯಾಗುವುದು, ಕಟ್ಟೆಚ್ಚರ ವಹಿಸುವುದು, ಮುನ್ನೆಚ್ಚರಿಕೆ ತೆಗೆದುಕೊಳ್ಳುವುದು, 'ಮೈಮೇಲೆ ಎಚ್ಚರ ಇರಲಿ' ಎಂದು ಮಗನನ್ನು ಬೈಯುವುದು, 'ಎಚ್ಚರಿಸು' ಎಂಬ ಒಂದೇ ಮಾತಿನಲ್ಲಿ ಎಬ್ಬಿಸುವುದನ್ನೂ ನೆನಪಿಸುವುದನ್ನೂ ಬೆದರಿಸುವುದನ್ನೂ ತುಂಬುವುದು. ತಮಿಳಿಗೆ ಹೋಗಿ ನೋಡಿದರೆ ಎಚ್ಚರಿಕ್ಕೈ, ತೆಲುಗಿನಲ್ಲಿ ಎಚ್ಚರಿಕ ಅಥವಾ ತಲೆಯ ಮೇಲೊಂದು ಹಕಾರ ಹೊತ್ತ ಹೆಚ್ಚರಿಕ. ರಾಜಸಭೆಯಲ್ಲಿ ದೊರೆ ಬರುವಾಗ ವಂದಿಗಳು ಕೂಗುತ್ತಿದ್ದದ್ದು 'ಎಚ್ಚರಿಕೆ, ಪರಾಕು'. ತ್ಯಾಗರಾಜರ ಉತ್ಸವಸಂಪ್ರದಾಯದ ಕೃತಿಯೊಂದರಲ್ಲಿ ಶ್ರೀರಾಮನನ್ನು ಕರೆತರುವುದೂ ಇದೇ ಹೆಚ್ಚರಿಕವೇ. ಗಮನಿಸಬೇಕಾದ ಸಂಗತಿ ಇಲ್ಲಿದೆ: ದೊರೆಯ ಮುಂದೆ ಕೂಗಿದ ಎಚ್ಚರಿಕೆಗೆ ಯಾರೂ ಬೆಚ್ಚಿ ಬೀಳುತ್ತಿರಲಿಲ್ಲ. ಅದು ಅಪಾಯವನ್ನು ಸೂಚಿಸುವ ಮಾತಾಗಿ ಉಳಿಯದೆ ಮೆರವಣಿಗೆಯ ಅಲಂಕಾರವಾಗಿತ್ತು. ಪದವೊಂದು ತನ್ನ ಕೆಲಸವನ್ನು ಬಿಟ್ಟು ಒಡವೆಯಾಗುವುದು ಹೀಗೆ. ಈ ಸಂಗತಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಚ್ಚರದ ಪಕ್ಕದ ಮನೆಯಲ್ಲಿ ಹುಷಾರು ಇದೆ. ಪಾರಸಿಯ 'ಹೋಶ್' ಎಂದರೆ ಪ್ರಜ್ಞೆ, ಹೋಶಿಯಾರ್ ಎಂದರೆ ಪ್ರಜ್ಞೆಯುಳ್ಳವನು. ಕನ್ನಡಕ್ಕೆ ಬಂದ ಮೇಲೆ ಹುಷಾರು ಮಾಡಿದ ಚಮತ್ಕಾರವನ್ನು ಅದರ ತವರಿನವರು ಕೇಳಿದರೆ ಅಚ್ಚರಿಪಟ್ಟಾರು. 'ಹುಷಾರಾಗಿ ಹೋಗಿ ಬಾ' ಎಂದರೆ ಜೋಕೆ, 'ಹುಷಾರಿಲ್ಲ' ಎಂದರೆ ಕಾಯಿಲೆ, 'ಹುಷಾರಾದ' ಎಂದರೆ ಗುಣವಾದ, 'ಹುಡುಗ ಬಲು ಹುಷಾರು' ಎಂದರೆ ಚುರುಕು. ಪ್ರಜ್ಞೆಯಿಂದ ಹೊರಟ ಪದ ಜಾಗ್ರತೆಯನ್ನು ದಾಟಿ ಆರೋಗ್ಯಕ್ಕೆ ಬಂದು ಮುಟ್ಟಿದೆ. ಎಚ್ಚರ ಅಷ್ಟು ದೂರ ಹೋಗಲಿಲ್ಲ, ಆದರೂ ಆಸ್ಪತ್ರೆಯ ಬಾಗಿಲಿಗೆ ಅದು ಬಂದ ಹಾದಿ ಇನ್ನೂ ಸೋಜಿಗದ್ದು.

1848ರ ಜನವರಿ 28. ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ವಿನ್ಲೇಟನ್ ಎಂಬ ಊರಿನಲ್ಲಿ ಹದಿನೈದು ವರ್ಷದ ಹ್ಯಾನಾ ಗ್ರೀನರ್ ಎಂಬ ಹುಡುಗಿಗೆ ಕಾಲುಬೆರಳಿನ ಉಗುರೊಂದನ್ನು ತೆಗೆಯಬೇಕಾಗಿತ್ತು. ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರಂ ಅನ್ನು ಬಳಕೆಗೆ ತಂದು ಎರಡು ತಿಂಗಳು ಕಳೆದಿತ್ತು ಅಷ್ಟೆ. ಎಚ್ಚರ ತಪ್ಪಿಸಿದರು, ಎಚ್ಚರ ಮತ್ತೆ ಬರಲಿಲ್ಲ. ಉಗುರಿಗೆ ಹೋದ ಪ್ರಾಣ ಅದು, ಊರಿಗೂರೇ ಕೇಳಿತು. ಔಷಧಗಳ ಸುರಕ್ಷತೆಯ ಮೇಲೆ ಕಣ್ಣಿಡುವ ಚರಿತ್ರೆಯನ್ನು ಬರೆಯುವವರೆಲ್ಲ ಮೊದಲ ಪುಟದಲ್ಲಿ ಈ ಹುಡುಗಿಯ ಹೆಸರನ್ನು ಬರೆಯುತ್ತಾರೆ. ಲ್ಯಾನ್ಸೆಟ್ ಪತ್ರಿಕೆ ಒಂದು ಆಯೋಗವನ್ನು ಕೂರಿಸಿ, ಅರಿವಳಿಕೆಯಿಂದಾದ ಸಾವುಗಳನ್ನು ತಿಳಿಸಿರೆಂದು ಬ್ರಿಟನ್ನಿನ ಮತ್ತು ವಸಾಹತುಗಳ ವೈದ್ಯರನ್ನು ಕೇಳಿಕೊಂಡಿತು, 1893ರಲ್ಲಿ ಫಲಿತಾಂಶ ಅಚ್ಚಾಯಿತು. ವೈದ್ಯರು ತಾವಾಗಿಯೇ ಬರೆದು ತಿಳಿಸುವ ಪದ್ಧತಿಯ ಮೊಳಕೆ ಇದೇ.

ನಡುವೆ ನಮ್ಮ ಕಡೆಯದೊಂದು ಅಧ್ಯಾಯವಿದೆ, ಅದನ್ನು ದಾಟಿ ಹೋಗಲು ಮನಸ್ಸಾಗದು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎಂಬಾತನಿಗೆ ಕ್ಲೋರೋಫಾರಂ ಮೇಲೆ ಅಪಾರ ವಿಶ್ವಾಸ. ಉಸಿರನ್ನು ನೋಡಿಕೊಂಡರೆ ಸಾಕು, ನಾಡಿಯ ಗೊಡವೆ ಬೇಡ ಎಂಬುದು ಆತನ ಸಿದ್ಧಾಂತ. ಆಗ ರಾಯಚೂರು, ಕಲಬುರಗಿ, ಬೀದರ್‌ಗಳನ್ನೂ ಆಳುತ್ತಿದ್ದ ನಿಜಾಮನ ಹಣದಲ್ಲಿ 1888ರಲ್ಲೊಂದು, 1889ರಲ್ಲೊಂದು ಕ್ಲೋರೋಫಾರಂ ಆಯೋಗ ಕೂತವು, ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ವೈದ್ಯ ಹಡಗು ಹತ್ತಿ ಬಂದ. ನಾಯಿ, ಕೋತಿಗಳ ಮೇಲೆ ನಡೆದ ಪ್ರಯೋಗಗಳು ಲಾರಿಯ ಮಾತನ್ನೇ ಎತ್ತಿ ಹಿಡಿದವು: ಮೊದಲು ನಿಲ್ಲುವುದು ಉಸಿರು, ಎದೆಬಡಿತವಲ್ಲ. 1911ರಲ್ಲಿ ಲೆವಿ ಎಂಬ ವೈದ್ಯ ಕ್ಲೋರೋಫಾರಂ ಹೃದಯದ ಲಯವನ್ನೇ ಕೆಡಿಸಿ ಹಠಾತ್ತನೆ ಕೊಲ್ಲಬಲ್ಲದೆಂದು ತೋರಿಸಿದ. ಹೈದರಾಬಾದಿನವರಿಗೆ ಎಚ್ಚರವೇನೋ ಧಾರಾಳವಾಗಿತ್ತು, ಅದು ಕೂತಿದ್ದ ಜಾಗ ತಪ್ಪಾಗಿತ್ತು. ಎಚ್ಚರ ಎಂಬ ಪದಕ್ಕೆ ಸಪ್ತಮಿ ವಿಭಕ್ತಿಯ ಆಸರೆ ಬೇಕೇ ಬೇಕು, ಎಲ್ಲಿ, ಯಾವುದರಲ್ಲಿ ಎಚ್ಚರ ಎಂದು ಹೇಳದಿದ್ದರೆ ಅದು ಬರಿಯ ಉದ್ವೇಗ.

ಎರಡನೆಯ ಘಟನೆಯೂ ನಿದ್ದೆಯದೇ. 1957ರ ಅಕ್ಟೋಬರಿನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಕೊಂಟರ್ಗಾನ್ ಎಂಬ ನಿದ್ದೆಮಾತ್ರೆ ಮಾರಾಟಕ್ಕೆ ಬಂತು, ಚೀಟಿ ಇಲ್ಲದೆಯೇ ಕೊಳ್ಳಬಹುದಾಗಿತ್ತು. ಒಳಗಿನ ದ್ರವ್ಯ ಥಾಲಿಡೋಮೈಡ್. ಬಸುರಿಯರ ವಾಕರಿಕೆಗೂ ಒಳ್ಳೆಯದೆಂದು ದೇಶ ದೇಶಗಳಲ್ಲಿ ಕೊಟ್ಟರು. ಕೈಕಾಲುಗಳು ಪೂರ್ಣ ಬೆಳೆಯದ ಶಿಶುಗಳು ಹುಟ್ಟತೊಡಗಿದವು. ಹ್ಯಾಂಬರ್ಗಿನ ವಿಡುಕಿಂಡ್ ಲೆಂಟ್ಸ್, ಸಿಡ್ನಿಯ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯರಿಬ್ಬರೂ ಬೇರೆ ಬೇರೆಯಾಗಿ ಈ ಮಾತ್ರೆಯತ್ತ ಬೆರಳಿಟ್ಟು ತೋರಿಸುವ ಹೊತ್ತಿಗೆ 1961ರ ಕೊನೆ ಬಂದಿತ್ತು, ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಮೀರಿದ ಮಕ್ಕಳು ಬಾಧಿತರಾಗಿದ್ದರು. ಅಮೆರಿಕದಲ್ಲಿ ಮಾತ್ರ ಆಹಾರ ಮತ್ತು ಔಷಧ ಆಡಳಿತದ ಫ್ರಾನ್ಸೆಸ್ ಕೆಲ್ಸಿ ಎಂಬಾಕೆ, ಕಂಪನಿ ಎಷ್ಟು ಸಲ ಬಾಗಿಲು ತಟ್ಟಿದರೂ, ಸುರಕ್ಷತೆಯ ಪುರಾವೆ ಸಾಲದೆಂದು ಪರವಾನಗಿಗೆ ಸಹಿ ಹಾಕದೆ ಕೂತಳು. ಆಕೆ ಎಳೆಯ ವಿದ್ಯಾರ್ಥಿನಿಯಾಗಿದ್ದಾಗಲೇ, 1937ರಲ್ಲಿ, ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಲ್ಫಾ ಟಾನಿಕ್ ಕುಡಿದು ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು, ಆ ವಿಷದ ಅಧ್ಯಯನದಲ್ಲಿ ಆಕೆಯೂ ಕೈಜೋಡಿಸಿದ್ದಳು. ಮಲಗಿಸುವ ಮಾತ್ರೆಯಿಂದ ಲೋಕ ಎಚ್ಚತ್ತುಕೊಂಡಿತು ಎಂದರೆ ಅದು ಬರಿಯ ಶಬ್ದಚಮತ್ಕಾರವಾಗದು, ನಡೆದದ್ದೇ ಹಾಗೆ.

ಎಚ್ಚತ್ತ ಮೇಲೆ ವ್ಯವಸ್ಥೆ ಹುಟ್ಟಬೇಕಲ್ಲ. ಬ್ರಿಟನ್ನಿನಲ್ಲಿ 1964ರಲ್ಲಿ ವೈದ್ಯರ ಕೈಗೆ ಹಳದಿ ಕಾರ್ಡು ಬಂತು, ಔಷಧದಿಂದ ಏನಾದರೂ ಕೆಡುಕಾಯಿತೆಂಬ ಅನುಮಾನ ಬಂದರೆ ಅದರಲ್ಲಿ ಗೀಚಿ ಅಂಚೆಗೆ ಹಾಕುವುದು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳನ್ನು ಸೇರಿಸಿಕೊಂಡು ಅಂತರರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು, 1978ರಲ್ಲಿ ಅದರ ಕಾರ್ಯಕೇಂದ್ರ ಸ್ವೀಡನ್ನಿನ ಉಪ್ಸಾಲಾಕ್ಕೆ ಹೋಯಿತು. ಉಪ್ಸಾಲಾ ಎಂದರೆ ಗಿಡಮರಗಳಿಗೆಲ್ಲ ಜೋಡಿಹೆಸರಿಟ್ಟ ಲಿನ್ನೇಯಸ್ ವೈದ್ಯಶಾಸ್ತ್ರ ಕಲಿಸಿದ ಊರು, ನಾಮಕರಣದ ಹುಚ್ಚಿರುವ ನಮ್ಮಂಥವರಿಗೆ ಒಂದು ಕ್ಷೇತ್ರವೇ. ಈ ಎಲ್ಲ ಚಟುವಟಿಕೆಗೆ ಒಂದು ಹೆಸರು ಬೇಕಾದಾಗ 1970ರ ದಶಕದಲ್ಲಿ ಫ್ರೆಂಚರು ಕಟ್ಟಿದ ಪದ ಫಾರ್ಮಕೊವಿಜಿಲೆನ್ಸ್: ಅರ್ಧ ಗ್ರೀಕ್, ಅರ್ಧ ಲ್ಯಾಟಿನ್, ನಮ್ಮ ಅರಿಸಮಾಸದಂಥದೇ. ಗ್ರೀಕಿನ ಫಾರ್ಮಕೋನ್‌ಗೆ ಔಷಧ, ವಿಷ, ವಶೀಕರಣದ ಕಷಾಯ ಮೂರೂ ಅರ್ಥ. ನಮ್ಮ ಮದ್ದೂ ಹಾಗೆಯೇ: ಮದ್ದು ಕುಡಿಸುವುದು ಬೇರೆ, ಮದ್ದು ಹಾಕುವುದು ಬೇರೆ, ಮೇಲಾಗಿ ತೋಪಿಗೆ ತುಂಬುವುದೂ ಮದ್ದೇ. ಲ್ಯಾಟಿನ್ನಿನ ವಿಜಿಲ್ ಎಂದರೆ ಎಚ್ಚರವಾಗಿರುವವನು. ಅಗಸ್ಟಸ್ ರೋಮಿನಲ್ಲಿ ನೇಮಿಸಿದ ರಾತ್ರಿಕಾವಲಿನ, ಬೆಂಕಿ ನಂದಿಸುವ ಪಡೆಗೆ ಇದರ ಬಹುವಚನವೇ ಹೆಸರು. ಅದರ ಮೂಲಧಾತುವಿಗೆ ಬಲ, ಲವಲವಿಕೆ ಎಂಬ ಅರ್ಥ, ಇಂಗ್ಲಿಷಿನ ವೇಕ್, ವಾಚ್‌ಗಳೂ ಸಂಸ್ಕೃತದ ವಾಜ, ವಜ್ರಗಳೂ ಅದರ ದಾಯಾದಿಗಳು. ಆರ್ಯಭಾಷೆಗಳಿಗೆ ಎಚ್ಚರವೆಂದರೆ ಶಕ್ತಿ, ಕನ್ನಡಕ್ಕೆ ಎಚ್ಚರವೆಂದರೆ ಎದ್ದು ಕೂರುವುದು. ನನಗೆ ಎರಡನೆಯದೇ ಹಿತ. ಶಕ್ತಿ ಎಲ್ಲರಿಗೂ ಇರದು, ಎದ್ದು ಕೂರಲು ಶಕ್ತಿವಂತನೇ ಆಗಬೇಕೆಂದಿಲ್ಲ.

ಕನ್ನಡದಲ್ಲಿ ಇದನ್ನು ಏನೆನ್ನೋಣ? 'ಔಷಧ ನಿಗಾ' ಎಂಬುದು ಈಗಾಗಲೇ ಹಾದಿ ಮಾಡಿಕೊಳ್ಳುತ್ತಿದೆ, ತೀವ್ರ ನಿಗಾ ಘಟಕದ ಜೋರಿನಿಂದ. ನಿಗಾ ಪಾರಸಿಯ ನಿಗಾಹ್, ಎಂದರೆ ನೋಟ. ಅರಮನೆ, ಕಚೇರಿಗಳಲ್ಲಿ ಬೆಳೆದ ಪದವಾದ್ದರಿಂದ ಅದರಲ್ಲಿ ಮೇಲೆ ಕೂತು ಕೆಳಗೆ ನೋಡುವ ಒಂದು ಠೀವಿ ಇದೆ, ನಿಗಾ ಇಡುವವನು ಅಧಿಕಾರಿ, ಇಡಿಸಿಕೊಳ್ಳುವವನು ಬಡಪಾಯಿ. ಜಾಗೃತಿ ಎನ್ನಬಹುದು, ಆದರೆ ಸಪ್ತಾಹ, ಜಾಥಾ, ಅಭಿಯಾನಗಳಿಗೆ ತಗುಲಿ ತಗುಲಿ ಅದು ಸವೆದಿದೆ. 2021ರಿಂದ ಪ್ರತಿ ವರ್ಷ ಸೆಪ್ಟೆಂಬರ್ 17ರಿಂದ 23ರವರೆಗೆ ನಡೆಯುವ ರಾಷ್ಟ್ರೀಯ ಫಾರ್ಮಕೊವಿಜಿಲೆನ್ಸ್ ಸಪ್ತಾಹಕ್ಕೆ ಅದನ್ನು ಬಿಟ್ಟುಕೊಡೋಣ. ಇನ್ನು ಖಬರ್ದಾರ್. ನಕ್ಕುಬಿಡಬೇಡಿ. ಖಬರು ಎಂದರೆ ಸುದ್ದಿ, ದಾರ್ ಎಂದರೆ ಉಳ್ಳವನು. ಸುದ್ದಿಯುಳ್ಳವನೇ ಎಚ್ಚರವುಳ್ಳವನು ಎಂಬ ಆಳವಾದ ತರ್ಕ ಆ ಗದರಿಕೆಯೊಳಗಿದೆ. ಉತ್ತರ ಕರ್ನಾಟಕದಲ್ಲಿ 'ಖಬರಿಲ್ಲದಂಗ ಮಲಗ್ಯಾನ' ಎಂದಾಗ ಸುದ್ದಿ ಎಂಬ ಅರ್ಥ ಪೂರ್ತಿ ಮರೆತು ಪ್ರಜ್ಞೆ ಎಂಬುದೇ ಉಳಿದಿದೆ. ಔಷಧ ಕಾಯುವ ಕೆಲಸವೂ ಬುಡಮಟ್ಟ ಖಬರಿನದೇ, ಸುದ್ದಿ ಬಾರದಿದ್ದರೆ ಅಲ್ಲಿ ಕೂತವರಿಗೆ ಎಚ್ಚರವಿದ್ದೂ ಇಲ್ಲ.

ಯಾಕೆ ಸುದ್ದಿ ಅಷ್ಟು ಮುಖ್ಯ? ಹೊಸ ಔಷಧವನ್ನು ಮಾರುಕಟ್ಟೆಗೆ ಬಿಡುವ ಮುನ್ನ ಪರೀಕ್ಷಿಸುವುದು ಕೆಲವು ಸಾವಿರ ಜನರ ಮೇಲೆ, ಆಯ್ದ ಜನರ ಮೇಲೆ, ಕೆಲವು ತಿಂಗಳು. ಹತ್ತು ಸಾವಿರಕ್ಕೊಬ್ಬರಿಗೆ ಆಗುವ ಕೆಡುಕು ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮುದುಕರು, ಬಸುರಿಯರು, ಎಳೆಮಕ್ಕಳು, ಬಿಪಿ ಮಾತ್ರೆಯ ಜೊತೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಅದರ ಮೇಲೊಂದು ಕಷಾಯವನ್ನೂ ಕುಡಿಯುವವರು, ಇವರೆಲ್ಲ ಬರುವುದು ಆಮೇಲೆ. ಭಾರತ 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕ್ರಮಕ್ಕೆ ಸೇರಿತು. ನಡುವೆ ಎದ್ದು ಕೂತು ಮತ್ತೆ ಮಲಗಿದ ಪ್ರಯತ್ನವೊಂದಾದ ಮೇಲೆ, 2010ರ ಜುಲೈನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಈಗಿನ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, 2011ರ ಏಪ್ರಿಲ್‌ನಲ್ಲಿ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗಕ್ಕೆ ವರ್ಗವಾಯಿತು. ದೇಶದ ಮೂಲೆಮೂಲೆಯ ವೈದ್ಯಕೀಯ ಕಾಲೇಜುಗಳಲ್ಲಿ ಇದರ ಕೇಂದ್ರಗಳಿವೆ, ಮೈಸೂರಿನ ಜೆಎಸ್‌ಎಸ್ ಅವುಗಳಲ್ಲೊಂದು. ಅಲ್ಲಿಗೆ ಬಂದ ವರದಿ ಗಾಜಿಯಾಬಾದಿಗೆ, ಅಲ್ಲಿಂದ ಉಪ್ಸಾಲಾದ ಭಂಡಾರಕ್ಕೆ ಹೋಗುತ್ತದೆ. ಆ ಭಂಡಾರದಲ್ಲಿ ಈಗ 3 ಕೋಟಿಗೂ ಮಿಕ್ಕಿದ ವರದಿಗಳಿವೆ.

ವರದಿ ಎಂದರೆ ತೀರ್ಪಲ್ಲ, ಅನುಮಾನ. ಗುಳಿಗೆ ನುಂಗಿದ ಎಷ್ಟು ಹೊತ್ತಿಗೆ ಆಯಿತು, ನಿಲ್ಲಿಸಿದರೆ ಇಳಿಯಿತೇ, ಕಾಯಿಲೆಯೇ ಹಾಗೆ ಮಾಡಿರಬಹುದೇ, ಜೊತೆಗೆ ಬೇರೇನು ಸೇವಿಸಿದ್ದರು ಎಂದು ಕೇಳಿಕೊಂಡು, ನಿಶ್ಚಿತದಿಂದ ಹಿಡಿದು ಸಂಭಾವ್ಯ, ಶಕ್ಯ, ಅಸಂಭವಗಳ ಮೆಟ್ಟಿಲಿಳಿದು ನಿರ್ಣಯಿಸಲಾಗದ್ದು ಎಂಬವರೆಗೆ ಆರು ದರ್ಜೆಗಳಲ್ಲಿ ಒಂದರಲ್ಲಿ ಕೂರಿಸುತ್ತಾರೆ. ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕ ಎಂದದ್ದನ್ನೇ ಇವರು ವಾರ್ಡಿನಲ್ಲಿ ಮಾಡುತ್ತಿದ್ದಾರೆ. ಒಂದೇ ಬಗೆಯ ಅನುಮಾನಗಳು ಊರೂರಿಂದ ಬಂದು ಒಟ್ಟಾದಾಗ ಅದು ಸಂಕೇತವೆನಿಸುತ್ತದೆ, ಪರಿಶೀಲನಾ ಸಮಿತಿ ಒಪ್ಪಿದರೆ ಎಚ್ಚರಿಕೆಯಾಗುತ್ತದೆ. 2023ರ ನವೆಂಬರ್ ಕೊನೆಯಲ್ಲಿ ಬಂದ ಎಚ್ಚರಿಕೆ ನೆನಪಿರಬಹುದು: ಮುಟ್ಟಿನ ನೋವಿಗೂ ಜ್ವರಕ್ಕೂ ಮನೆಮನೆಯಲ್ಲಿ ನುಂಗುವ ಮೆಫೆನಾಮಿಕ್ ಆಮ್ಲದಿಂದ, ಅಪರೂಪಕ್ಕೆ, ಮೈಮೇಲೆ ದದ್ದೆದ್ದು ಜ್ವರ ಬಂದು ಒಳಗಿನ ಅಂಗಗಳಿಗೂ ತಾಗುವ ಡ್ರೆಸ್ ಎಂಬ ತೀವ್ರ ಅಲರ್ಜಿ ಬರಬಹುದೆಂದು ವೈದ್ಯರಿಗೂ ರೋಗಿಗಳಿಗೂ ಆಯೋಗ ತಿಳಿಸಿತು. ಮಾತ್ರೆ ನಿಷೇಧವಾಗಲಿಲ್ಲ, ಆಗಬೇಕಾದ್ದೂ ಅಲ್ಲ. ಎಚ್ಚರಿಕೆ ಬೇರೆ, ನಿಷೇಧ ಬೇರೆ ಎಂಬ ಸೂಕ್ಷ್ಮವನ್ನು ನಮ್ಮ ಸುದ್ದಿಮನೆಗಳು ಆ ದಿನ ಪೂರ್ತಿ ಮರೆತಿದ್ದವು.

ಈಗ ಸೆರಗಿನಲ್ಲಿ ಕಟ್ಟಿಟ್ಟಿದ್ದನ್ನು ಬಿಚ್ಚೋಣ. ಮಾತ್ರೆ ಶೀಟಿನ ಬೆನ್ನಿಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಕೆಂಪು ಚೌಕದೊಳಗೆ ಅಚ್ಚಾದ ಎಚ್ಚರಿಕೆ ದೊರೆಯ ಮುಂದಿನ ವಂದಿಯ ಕೂಗಿನಂತಾಗಿದೆ. ಎಲ್ಲ ಶೀಟಿನ ಮೇಲೂ ಇರುವುದರಿಂದ ಯಾವ ಶೀಟಿನ ಮೇಲೂ ಇಲ್ಲದಂತೆಯೇ. ಪರಾಕು ಹೇಳುವ ಎಚ್ಚರಿಕೆಗೂ ಎಬ್ಬಿಸುವ ಎಚ್ಚರಿಕೆಗೂ ನಡುವಿನ ಅಂತರವನ್ನು ಕಾಪಾಡುವುದೇ ಗಾಜಿಯಾಬಾದಿನವರ, ಉಪ್ಸಾಲಾದವರ ನಿಜವಾದ ಕಷ್ಟ ಎಂದು ನನಗೆ ತೋರುತ್ತದೆ. ಕೋಟಿ ವರದಿಗಳಲ್ಲಿ ಬಹುಪಾಲು ಮೊದಲೇ ಗೊತ್ತಿದ್ದ ತುರಿಕೆ, ವಾಂತಿ, ತಲೆಸುತ್ತುಗಳೇ, ನಡುವೆ ಎಲ್ಲೋ ಹೊಸದೊಂದು ಅಡಗಿರುತ್ತದೆ.

ಅಡಗಿದ್ದು ಹೊರಬರಬೇಕಾದರೆ ನಮ್ಮ ಮಾತು ಅಲ್ಲಿಗೆ ತಲುಪಬೇಕು. 'ಆ ಮಾತ್ರೆ ನನಗೆ ಆಗಿಬರಲ್ಲ', 'ಸಲ್ಫಾ ಒಗ್ಗಲಿಲ್ಲ', 'ಇಂಜಕ್ಷನ್ ರಿಯಾಕ್ಷನ್ ಆಯ್ತು', 'ಆ ಗುಳಿಗೆ ಬಲು ಹೀಟು' ಎಂದು ನಾವು ಕಟ್ಟೆಯ ಮೇಲೆ, ಮದುವೆಮನೆಯ ಪಂಕ್ತಿಯಲ್ಲಿ ಎಷ್ಟು ಸಲ ಹೇಳಿಕೊಂಡಿಲ್ಲ! ಕನ್ನಡದ ಔಷಧ ಎಚ್ಚರದ ಕೋಶವೆಲ್ಲ ಇಂಥ ಮಾತುಗಳಲ್ಲಿದೆ, ಬಹುತೇಕ ಅಲ್ಲಿಯೇ ಇಂಗಿಹೋಗುತ್ತದೆ. ಅಧಿಕಾರಿಗಳು ಬೇಕಾದರೆ ನಿಗಾ ಇಟ್ಟುಕೊಳ್ಳಲಿ, ನುಂಗುವವರ ಪಾಲಿಗೆ 'ಮದ್ದಿನೆಚ್ಚರ' ಎಂಬ ಪದವನ್ನು ನಾನು ಸೂಚಿಸುತ್ತೇನೆ, ಒಪ್ಪುವುದು ಬಿಡುವುದು ನಿಮ್ಮ ಕಿವಿಗೆ ಬಿಟ್ಟದ್ದು. ಪದ ಯಾವುದೇ ಇರಲಿ, ಮುಂದಿನ ಸಲ ಮಾತ್ರೆ ಒಗ್ಗದಿದ್ದರೆ ಪಂಕ್ತಿಯಲ್ಲಿ ಹೇಳಿ ಸುಮ್ಮನಾಗಬೇಡಿ. ರೋಗಿಗಳೇ ತುಂಬಬಹುದಾದ ವರದಿ ನಮೂನೆ ಕನ್ನಡದಲ್ಲೂ ಇದೆ. ರೋಗಿಯ ಪೂರ್ತಿ ಹೆಸರು ಬೇಡ, ಮೊದಲಕ್ಷರಗಳು ಸಾಕು, ವಿವರ ಗುಟ್ಟಾಗಿರುತ್ತದೆ. ಬರೆಯಲು ಬೇಸರವಾದವರಿಗೆ ಶುಲ್ಕವಿಲ್ಲದ ದೂರವಾಣಿಯಿದೆ: 1800-180-3024.